ನೊರೆ ಏಳದ ಕ್ರಿಮಿ

ಫುವಾತಿನೊ ಹತ್ತಿರ ಎರಡು ವಿಷಯದಲ್ಲಿ ಮಾತ್ರ ಯಾರೂ ವಾದಕ್ಕೆ ಇಳಿಯುತ್ತಿರಲಿಲ್ಲ. ಒಂದು ಅವಳ ತಮ್ಮ ಪೋವಾಸ, ಇನ್ನೊಂದು ನೊರೆ.

ತಮ್ಮನ ವಿಷಯ ಆಮೇಲೆ. ಮೊದಲು ನೊರೆ. ಪೆಸಿಫಿಕ್ಕಿನ ನಡುವಿನ ನಮ್ಮ ಸವಾಯಿ ದ್ವೀಪದ ಆಸ್ಪತ್ರೆಯ ಲ್ಯಾಬ್ ಎಂದರೆ ಒಂದು ಕೋಣೆ, ಒಂದು ಮೈಕ್ರೋಸ್ಕೋಪು, ಗೊರಗುಟ್ಟುವ ಒಂದು ಫ್ರಿಜ್ಜು ಮತ್ತು ಫುವಾತಿನೊ. ವೆಲ್ಲಿಂಗ್ಟನ್ನಿನಲ್ಲಿ ಓದಿ ಬಂದವಳು, ಅದನ್ನು ಯಾರಿಗೂ ಮರೆಯಲು ಬಿಡದವಳು. ಯಾರದ್ದಾದರೂ ಗಾಯದ ಕೀವೋ ಗಂಟಲಿನ ಲೋಳೆಯೋ ಬಂದರೆ ರಕ್ತ ಬೆರೆಸಿದ ತಟ್ಟೆಯ ಮೇಲೆ ಗೀಚಿ ಬೆಚ್ಚಗೆ ಇಡುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಕ್ರಿಮಿಗಳು ಸಾಸಿವೆಯಷ್ಟು ಚುಕ್ಕಿಗಳಾಗಿ ಬೆಳೆದಿರುತ್ತಿದ್ದವು. ಒಂದು ಚುಕ್ಕಿಯನ್ನು ಗಾಜಿನ ಮೇಲಿಟ್ಟು ಪೆರಾಕ್ಸೈಡಿನ ಒಂದು ಹನಿ ಬಿಟ್ಟಳೋ, ತೀರ್ಪು ಹೊರಬಿತ್ತು ಎಂದೇ ಲೆಕ್ಕ. ಬುಸ್ಸೆಂದು ನೊರೆ ಎದ್ದರೆ ಅದು ಗೊಂಚಲು ಜಾತಿ. ಮೈಕ್ರೋಸ್ಕೋಪಿನಲ್ಲಿ ದ್ರಾಕ್ಷಿಗೊಂಚಲಿನ ಹಾಗೆ ಕಾಣುವ, ಊರಿನ ಕುರು ಕೀವುಗಳಿಗೆಲ್ಲ ಮೂಲವಾದ ಕಿಡಿಗೇಡಿ. ಅದರ ಮೈಯೊಳಗಿನ ಒಂದು ಕಿಣ್ವ ಪೆರಾಕ್ಸೈಡನ್ನು ಒಡೆದು ನೊರೆ ಎಬ್ಬಿಸುತ್ತದೆ. ಹನಿ ಸುಮ್ಮನೆ ಬಿದ್ದುಕೊಂಡರೆ ಅದು ಸರದ ಜಾತಿ; ಮಣಿ ಪೋಣಿಸಿದ ಹಾಗೆ ಕಾಣುವ, ಗಂಟಲು ನೋವು ತರುವ, ಪೆನಿಸಿಲಿನ್ ಕಂಡರೆ ಬಾಲ ಮುದುಡುವ ಪ್ರಾಣಿ.

"ಮನುಷ್ಯ ಸುಳ್ಳು ಹೇಳ್ತಾನೆ, ಡಾಕ್ಟರು ಸುಳ್ಳು ಹೇಳ್ತಾರೆ, ಪಾದ್ರಿಗಳೂ ಒಂದೊಂದ್ಸಲ ಹೇಳ್ತಾರೆ. ನೊರೆ ಹೇಳಲ್ಲ" ಎನ್ನುತ್ತಿದ್ದಳು. ಪಾದ್ರಿಗಳ ಎದುರಿಗೇ ಅಂದಿದ್ದಳು. ಅವರು ನಕ್ಕುಬಿಟ್ಟಿದ್ದರು.

ಇನ್ನು ತಮ್ಮ. ಪೋವಾಸ ಬಂದರಿನಿಂದ ಹೊರಡುವ ಬಸ್ಸಿನ ಡ್ರೈವರು. ಆನೆಯಂಥ ಮೈ, ಗುಬ್ಬಚ್ಚಿಯಂಥ ಎದೆ. ಸೂಜಿ ಕಂಡರೆ ಕಣ್ಣು ಕತ್ತಲಿಡುವವನು. ಅಂಥವನು ನಲವತ್ತರ ಹತ್ತಿರ ಬಂದ ಮೇಲೆ ಹಚ್ಚೆಗೆ ಕೂತ ಎಂದರೆ ಅದಕ್ಕೆ ಕಾರಣ ಈ ಅಕ್ಕನ ಬಾಯಿ. ಕುಟುಂಬದ ಊಟದಲ್ಲಿ ಮುಂದಿನ ಯಜಮಾನ ಪದವಿ ಯಾರಿಗೆ ಎಂಬ ಮಾತು ಬಂತು. ಹಚ್ಚೆ ಹಾಕಿಸಿಕೊಂಡವನಿಗೇ ನಮ್ಮಲ್ಲಿ ಆ ಪದವಿ ಒಪ್ಪುತ್ತದೆ. ದೊಡ್ಡಪ್ಪನ ಮಗ ಫಾಯಿವಾ ಮೀಸೆಯಡಿಯಲ್ಲೇ ನಕ್ಕು, "ಪೋವಾಸನಿಗಾ? ಅವನ ಮೈಮೇಲೆ ಇರೋದು ಡೀಸೆಲ್ ಕಲೆ ಒಂದೇ" ಅಂದ. ಫುವಾತಿನೊ ಎದ್ದು ನಿಂತು, "ನನ್ನ ತಮ್ಮ ಹಚ್ಚೆಗೆ ಕೂರ್ತಾನೆ! ಸೊಂಟದಿಂದ ಮಂಡಿವರೆಗೆ! ಪೂರ್ತಿ!" ಎಂದು ಗುಡುಗಿದಳು. ಗೆಣಸು ತಿನ್ನುತ್ತಿದ್ದ ಪೋವಾಸನಿಗೆ ತುತ್ತು ನೆತ್ತಿಗೇರಿತು. ಆದರೆ ನಮ್ಮಲ್ಲಿ ಅಕ್ಕ ನಾಲ್ಕು ಜನರೆದುರು ಆಡಿದ ಮಾತನ್ನು ತಮ್ಮ ಇಲ್ಲ ಅನ್ನುವುದಿಲ್ಲ. ಕೆಮ್ಮುತ್ತಲೇ ತಲೆಯಾಡಿಸಿದ.

ಆಕ್ಲೆಂಡಿನಿಂದ ತುಫುಗ ಬಂದ. ತುಫುಗ ಎಂದರೆ ಹಚ್ಚೆಯ ಗುರು. ಮುದುಕ, ಒಣಗಿದ ಮರದಂಥ ಮೈ, ಕೈಯಲ್ಲಿ ಮಾತ್ರ ಯಮನ ಬಲ. ಅವನು ಬಾಚಣಿಗೆಯಂಥ ಉಳಿಯನ್ನು ಕೋಲಿನಿಂದ ಬಡಿದು ಮಸಿ ಇಳಿಸುತ್ತಿದ್ದರೆ ಟಕ್ ಟಕ್ ಸದ್ದು, ಅದರ ಹಿಂದೆಯೇ ಪೋವಾಸನ ಕಿರುಚಾಟ. ಮೊದಲ ದಿನ ಬಂದರಿನಲ್ಲಿ ಹಡಗು ಕಾಯುತ್ತಿದ್ದವರೂ ತಿರುಗಿ ನೋಡಿದರಂತೆ. ಆದರೂ ಎದ್ದು ಓಡಲಿಲ್ಲ ಪುಣ್ಯಾತ್ಮ. ಓಡುವಂತೆಯೂ ಇರಲಿಲ್ಲ. ಅರ್ಧಕ್ಕೆ ಬಿಟ್ಟವನನ್ನು ಸಾಯುವವರೆಗೆ ಅರ್ಧಹಚ್ಚೆ ಎಂದೇ ಕರೆಯುತ್ತಾರೆ. ಅವನ ಮಕ್ಕಳನ್ನೂ ಅರ್ಧಹಚ್ಚೆಯ ಮಕ್ಕಳು ಅನ್ನುತ್ತಾರೆ. ಯಜಮಾನ ಪದವಿ ಹಾಗಿರಲಿ, ಚರ್ಚಿನಲ್ಲಿ ಮುಂದಿನ ಸಾಲಿನಲ್ಲಿ ಕೂರಲೂ ಮುಖವಿರುವುದಿಲ್ಲ.

ಹಚ್ಚೆ ಬೆನ್ನಿನಿಂದ ಶುರುವಾಗಿ ಕೆಳಗಿಳಿದು ತೊಡೆಯ ಹತ್ತಿರ ಬಂದಾಗ ಕೈಕೊಟ್ಟಿತು. ಚರ್ಮ ಕೆಂಪಗಾಗಿ ಊದಿತು, ಕೀವು ತುಂಬಿತು, ಜ್ವರ ಬಂತು. ತುಫುಗ ಕೋಲು ಕೆಳಗಿಟ್ಟ. "ಇದು ಮಾಗಿದ ಮೇಲೆ ಮುಂದುವರಿಸೋಣ. ಆದ್ರೆ ಬಿಳಿ ಭಾನುವಾರದ ಮಕ್ಕಳ ಹಬ್ಬದ ಮಾರನೇ ದಿನ ನನ್ನ ವಿಮಾನ ಇದೆ, ನೆನಪಿರಲಿ" ಅಂದ.

ಈಗ ಒಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮಲ್ಲಿ ಅಕ್ಕ ತಮ್ಮಂದಿರ ನಡುವೆ ಸೊಂಟದ ಕೆಳಗಿನ ಮಾತು ಬರುವಂತಿಲ್ಲ. ತಮಾಷೆಗೂ ಬರುವಂತಿಲ್ಲ, ಕಾಯಿಲೆಗೂ ಬರುವಂತಿಲ್ಲ. ಅಂಥ ಮಾತು ಎಲ್ಲೋ ಕೇಳಿಬಂದರೆ ಇಬ್ಬರಲ್ಲಿ ಒಬ್ಬರು ಎದ್ದು ಹೋಗುತ್ತಾರೆ. ಅದಕ್ಕೇ ಹಚ್ಚೆ ಶುರುವಾದಾಗಿನಿಂದ ಫುವಾತಿನೊ ಹಚ್ಚೆ ಹಾಕುವ ಮನೆಯ ಕಡೆ ತಲೆ ಹಾಕಿರಲಿಲ್ಲ. ಅಡುಗೆ ಮಾಡಿ ಬೇರೆಯವರ ಕೈಲಿ ಕಳಿಸುತ್ತಿದ್ದಳು ಅಷ್ಟೇ. ಕೀವಿನ ಸುದ್ದಿಯನ್ನು ಅವಳ ಕಿವಿಗೆ ಹಾಕುವ ಧೈರ್ಯ ಯಾರಿಗೂ ಬರಲಿಲ್ಲ. ಕೀವು ಎಲ್ಲಿ ಎಂದು ಕೇಳಿದರೆ ಏನು ಹೇಳುವುದು?

ಆಸ್ಪತ್ರೆಯ ಡಾಕ್ಟರ್ ಲಫಾಯೆಲೆ ಹಚ್ಚೆಮನೆಗೆ ಬಂದು ಗಾಯ ನೋಡಿ, "ಕೀವಿನ ಮಾದರಿ ತಗೊಂಡು ಲ್ಯಾಬಿಗೆ ಕಳಿಸಿ" ಎಂದು ನರ್ಸ್ ತೆಪೊರಾಗೆ ಹೇಳಿದರು. ತೆಪೊರಾ ಹತ್ತಿಯ ಕಡ್ಡಿಯನ್ನು ಗಾಯಕ್ಕೆ ಒತ್ತಿ ಕೊಳವೆಗೆ ಹಾಕಿ, ಚೀಟಿ ಬರೆಯಲು ಪೆನ್ನು ತೆಗೆದಳೋ ಇಲ್ಲವೋ, ಬೋರಲು ಮಲಗಿದ್ದ ಪೋವಾಸ ಅವಳ ಕೈ ಹಿಡಿದುಕೊಂಡ.

"ತೆಪೊರಾ, ನಿನ್ ಕಾಲಿಗೆ ಬೀಳ್ತೀನಿ. ಲ್ಯಾಬಲ್ಲಿ ಇರೋದು ನಮ್ಮಕ್ಕ ಕಣೇ. ಎಲ್ಲಿಂದ ತೆಗೆದಿದ್ದು ಅಂತ ಬರೀಬೇಡ. ಅಕ್ಕ ಅದನ್ನ ಓದಿದ್ರೆ ನಾನು ಹ್ಯಾಗೆ ಬದುಕಿರ್ಲಿ?"

"ಜಾಗ ಬರೀಲೇಬೇಕು ಮಾರಾಯ. ಬರೀದಿದ್ರೆ ನಿಮ್ಮಕ್ಕ ವಾಪಸ್ ಕಳಿಸ್ತಾಳೆ. ಜೊತೆಗೆ ನನ್ನ ಜನ್ಮ ಜಾಲಾಡ್ತಾಳೆ."

"ಬೇರೆ ಎಲ್ಲಾದ್ರೂ ಬರಿ. ಸೊಂಟದ ಮೇಲೆ ಎಲ್ಲಾದ್ರೂ ಸರಿ."

ತೆಪೊರಾಗೂ ಇಬ್ಬರು ಅಣ್ಣಂದಿರಿದ್ದಾರೆ. ಆದಷ್ಟೂ ಮೇಲಕ್ಕೆ ಇರಲಿ ಎಂದು 'ಗಂಟಲು' ಎಂದು ಬರೆದಳು. ಒಳ್ಳೆಯ ಮನಸ್ಸಿನಿಂದಲೇ ಬರೆದಳು, ಪಾಪ.

ಚೀಟಿಯನ್ನು ಫುವಾತಿನೊ ಎರಡು ಸಲ ಓದಿದಳು. "ಕಿರುಚಿ ಕಿರುಚಿ ಗಂಟಲು ಹರಿದುಕೊಂಡಿದ್ದಾನೆ ನನ್ನ ಕಂದ" ಅಂದುಕೊಂಡಳು. ಮಾರನೇ ದಿನ ತಟ್ಟೆ ತೆಗೆದರೆ ಚುಕ್ಕಿಗಳ ಸುತ್ತ ರಕ್ತ ಕರಗಿ ತಿಳಿಯಾಗಿತ್ತು. ಪೆರಾಕ್ಸೈಡ್ ಹನಿ ಬಿಟ್ಟಳು. ನೊರೆ ಇಲ್ಲ. ಇನ್ನೊಂದು ಹನಿ. ಊಹೂಂ. ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಮಣಿಗಳು ಸರದ ಹಾಗಿರದೆ ಗುಂಪು ಗುಂಪಾಗಿಯೇ ಕಂಡವು. ಆದರೆ ಬಳಿದದ್ದು ದಪ್ಪವಾಗಿರಬೇಕು ಎಂದುಕೊಂಡಳು. ಗಂಟಲು, ತಿಳಿಯಾದ ಉಂಗುರ, ನೊರೆ ಇಲ್ಲ. ಇನ್ನೇನು ಬೇಕು? ಕೀವಿನ ಮಾದರಿಯಾಗಿದ್ದರೆ ಅವಳು ನೊರೆ ಬರಲಿ ಬಿಡಲಿ, ಪ್ಲಾಸ್ಮಾದಲ್ಲಿ ಹಾಕಿ, ಗೊಂಚಲು ಜಾತಿ ಮಾಡುವ ಹಾಗೆ ಅದನ್ನು ಹೆಪ್ಪುಗಟ್ಟಿಸುತ್ತದೆಯೇ ಎಂದು ನೋಡದೆ ಬಿಡುತ್ತಿರಲಿಲ್ಲ. ಗಂಟಲಿಗೆ ಅಷ್ಟೆಲ್ಲ ಯಾರು ಮಾಡುತ್ತಾರೆ? 'ಸರದ ಜಾತಿ. ಪೆನಿಸಿಲಿನ್ ಸಾಕು' ಎಂದು ಬರೆದು ಕಳಿಸಿದಳು.

ಡಾಕ್ಟರರು ಗಾಯವನ್ನು ಕಣ್ಣಾರೆ ಕಂಡವರು. ಚೀಟಿಯಲ್ಲಿ ಗಂಟಲು ಎಂದಿರುವುದು ಅವರಿಗೇನು ಗೊತ್ತು? ಗಾಯದಲ್ಲೂ ಸರದ ಜಾತಿ ಸೇರಿಕೊಳ್ಳುವುದುಂಟು. ಫುವಾತಿನೊ ಹೇಳಿದಳೆಂದರೆ ಮುಗಿಯಿತು ಎಂದು ಪೆನಿಸಿಲಿನ್ ಶುರು ಮಾಡಿದರು.

ಫುವಾತಿನೊ ಅಷ್ಟಕ್ಕೇ ಬಿಡುವವಳೇ? ತೆಪೊರಾಳನ್ನು ಕರೆದು ಅಪ್ಪಣೆ ಕೊಟ್ಟಳು. "ಅವನಿಗೆ ಹೇಳು, ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸ್ಬೇಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಗಂಟಲು ವಾಸಿಯಾಗೋವರೆಗೂ ಒಂದು ಮಾತೂ ಆಡ್ಬಾರ್ದು. ನಾನು ಮಾತಾಡು ಅನ್ನೋವರೆಗೂ ಬಾಯಿ ಮುಚ್ಕೊಂಡಿರ್ಬೇಕು. ಅಕ್ಕ ಹೇಳಿದ್ಲು ಅನ್ನು."

ತೆಪೊರಾಗೆ ಆಗಲೇ ನಿಜ ಹೇಳಿಬಿಡಬಹುದಿತ್ತು. ಎಲ್ಲಿಂದ ಶುರು ಮಾಡುವುದು ತಿಳಿಯದೆ, "ಹೂಂ ಅಕ್ಕ" ಅಂದು ಬಂದುಬಿಟ್ಟಳು.

ಪೋವಾಸನಿಗೆ ಅಪ್ಪಣೆ ಮುಟ್ಟಿತು. ಅವನು ಒಂದು ಕ್ಷಣ ಕಣ್ಣು ಮಿಟುಕಿಸಿದ. ನಂತರ ಬೋರಲು ಮಲಗಿದ್ದಲ್ಲಿಂದಲೇ ಉಪ್ಪುನೀರಿನ ಲೋಟಕ್ಕೆ ಕೈ ಚಾಚಿದ. ಅಂದಿನಿಂದ ಆ ಮನೆಯಲ್ಲಿ ಟಕ್ ಟಕ್ ಸದ್ದಿನ ಬದಲು ದಿನಕ್ಕೆ ಮೂರು ಹೊತ್ತು ಗಳಗಳ ಸದ್ದು. ಮಾತು ಮಾತ್ರ ಇಲ್ಲವೇ ಇಲ್ಲ. ಹೆಂಡತಿ ಕೇಳಿದರೂ ಇಲ್ಲ, ತುಫುಗ ಗದರಿದರೂ ಇಲ್ಲ. ಸಾಯುವ ಕಾಲಕ್ಕೆ ಮಾತು ನಿಂತುಹೋಗಿರಬೇಕು ಎಂದು ಹೆದರಿ ಯಾರೋ ಪಾದ್ರಿಗಳನ್ನು ಕರೆತಂದರು. ಪಾದ್ರಿಗಳು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡುವಾಗ ಹೊತ್ತಾಯಿತೆಂದು ಪೋವಾಸ ಒಮ್ಮೆ ಬಾಯಿ ಮುಕ್ಕಳಿಸಿ ಬೋಸಿಗೆ ಉಗುಳಿದ. ಪಾದ್ರಿಗಳು ಆಮೆನ್ ಎಂದು ಬೇಗನೆ ಮುಗಿಸಿದರು.

ಗಾಯ ಮಾತ್ರ ದಿನದಿನಕ್ಕೆ ಕೆಟ್ಟಿತು. ಡಾಕ್ಟರರು ಪೆನಿಸಿಲಿನ್ ಹೆಚ್ಚಿಸಿದರು. ಕ್ರಿಮಿ ಅದಕ್ಕೆ ಕ್ಯಾರೇ ಅನ್ನಲಿಲ್ಲ.

ಇಷ್ಟರಲ್ಲಿ ಫಾಯಿವಾ ಬಾಯಿಗೆ ಕೆಲಸ ಕೊಟ್ಟ. ಹಚ್ಚೆಗೆ ಕೂತವನಿಗೆ ನಿಯಮಗಳಿವೆ. ಒಂಟಿಯಾಗಿ ತಿರುಗುವಂತಿಲ್ಲ, ಹೆಂಡತಿಯ ಹತ್ತಿರ ಹೋಗುವಂತಿಲ್ಲ. ಮುರಿದವನ ಗಾಯ ಕೀವಾಗುತ್ತದೆ ಎಂದು ಹಿಂದಿನಿಂದ ನಂಬಿಕೆ. "ಯಾಕೆ ಕೀವಾಯ್ತು? ಯಾಕೆ ಬಾಯಿ ಬಿಡ್ತಿಲ್ಲ? ತಪ್ಪು ಮಾಡ್ದೋನಿಗೆ ಮಾತು ಎಲ್ಲಿಂದ ಬರ್ಬೇಕು?" ಎಂದು ಅಂಗಡಿ ಜಗಲಿಯಲ್ಲಿ, ಚರ್ಚಿನ ಅಂಗಳದಲ್ಲಿ ಊದಿದ. ತುಫುಗನ ಕಿವಿಗೂ ಬಿತ್ತು. ಅವನು ಪೋವಾಸನ ಮುಂದೆ ಕುಕ್ಕರುಗಾಲಲ್ಲಿ ಕೂತು ನೇರವಾಗಿ ಕೇಳಿದ. "ನಿಯಮ ಮುರಿದ್ಯೇನೋ?"

ಪೋವಾಸನ ಕಣ್ಣಲ್ಲಿ ನೀರು ತುಂಬಿತು. ತಲೆಯನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿದ. ಬಾಯಿ ತೆರೆಯಲಿಲ್ಲ.

"ತಲೆ ಅಲ್ಲಾಡ್ಸೋದು ಬೇಡ. ಬಾಯಿ ಬಿಟ್ಟು ಹೇಳು."

ಪೋವಾಸ ತುಟಿ ಕಚ್ಚಿಕೊಂಡ. ತುಫುಗ ಎದ್ದು ಉಳಿಗಳನ್ನು ಬಟ್ಟೆಯಲ್ಲಿ ಸುತ್ತತೊಡಗಿದ.

ಈ ಸುದ್ದಿಯನ್ನು ಲ್ಯಾಬಿಗೆ ಹೊತ್ತು ತಂದವಳು ಪಾದ್ರಿಯ ಹೆಂಡತಿ ಇಲಿಸಾ. ಸಕ್ಕರೆ ಕಾಯಿಲೆಯ ರಕ್ತ ಕೊಡಲು ಬಂದವಳು ತೋಳು ಚಾಚಿ ಕೂತು, "ಪಾಪ ಕಣೇ ಪೋವಾಸ. ಹೊಟ್ಟೆ ಮೇಲೇ ಮಲಗಿದಾನೆ ನೋಡು, ಎಷ್ಟು ದಿನದಿಂದ. ತುಫುಗ ಗಂಟು ಕಟ್ತಿದಾನೆ. ಅರ್ಧಹಚ್ಚೆ ಅಂತ ಫಾಯಿವಾ ಈಗ್ಲೇ ಕರೆಯೋಕೆ ಶುರು ಮಾಡಿದ" ಅಂದಳು.

ಫುವಾತಿನೊ ಸೂಜಿಯನ್ನು ಹಾಗೇ ಹಿಡಿದು ನಿಂತಳು. "ಗಂಟಲು ನೋವಿಗೆ ಯಾಕೆ ಹೊಟ್ಟೆ ಮೇಲೆ ಮಲಗ್ತಾನೆ?"

"ಗಂಟಲಾ? ಯಾರ ಗಂಟಲು?" ಅಂದಳು ಇಲಿಸಾ. ಅಷ್ಟರಲ್ಲಿ ತಾನು ಯಾರ ಹತ್ತಿರ ಏನು ಮಾತಾಡುತ್ತಿದ್ದೇನೆ ಎಂಬುದು ಹೊಳೆದು, ರಕ್ತವನ್ನೂ ಕೊಡದೆ ಎದ್ದು ನಡೆದಳು.

ಫುವಾತಿನೊ ಬಾಗಿಲಿಗೆ ಬಂದು ಕೂಗಿದ ಕೂಗಿಗೆ ಹೆರಿಗೆ ವಾರ್ಡಿನಲ್ಲಿ ಮಕ್ಕಳು ಎದ್ದವಂತೆ. "ತೆಪೊರಾ!"

ತೆಪೊರಾ ಬಂದು ಗೋಡೆಗೆ ಆತು ನಿಂತಳು. ಫುವಾತಿನೊ ಬಾಗಿಲು ಹಾಕಿ ಬಂದು ಅವಳ ಎದುರಿಗೆ ನಿಂತಳು. ಕೇಳಬೇಕು, ಆದರೆ ಕೇಳುವುದು ಹೇಗೆ? ಕೊನೆಗೆ ದಾರಿ ಹೊಳೆಯಿತು.

"ನೋಡು. ಪೋವಾಸನ ಬಸ್ಸು ಅಂದ್ಕೋ. ತಲೆ ಅಂದ್ರೆ ಬಂದರು. ಅಲ್ಲಿಂದ ಬಸ್ಸು ಹೊರಡ್ತು. ಗಂಟಲಲ್ಲಿ ನಿಲ್ತಾ?"

ತೆಪೊರಾ ನೆಲ ನೋಡಿದಳು. "ಇಲ್ಲಕ್ಕ. ಅಲ್ಲಿ ನಿಲ್ಲಿಸ್ಲಿಲ್ಲ."

"ಎದೆ?"

"ಅಲ್ಲೂ ಇಲ್ಲ."

"ಹೊಟ್ಟೆ?"

"ಬಸ್ಸು ಆ ಕಡೆಯಿಂದ ಹೋಗ್ಲೇ ಇಲ್ಲಕ್ಕ. ಹಿಂದಿನ ರಸ್ತೆ ಹಿಡೀತು."

ಫುವಾತಿನೊ ಮುಖ ಕಿವಿಯವರೆಗೆ ಕೆಂಪಾಯಿತು. ಕಿಟಕಿಯ ಕಡೆ ತಿರುಗಿ ಕೇಳಿದಳು. "ಹಿಂದಿನ ರಸ್ತೆ... ಎಲ್ಲೀವರೆಗೆ?"

"ಜನ ಕೂರೋ ಸೀಟಿದ್ಯಲ್ಲ ಅಕ್ಕ..."

"ಸಾಕು! ಇನ್ನೊಂದು ಮಾತು ಮುಂದೆ ಹೋದ್ರೆ ಹಲ್ಲು ಉದುರಿಸ್ತೀನಿ!" ಅಂದಳು. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕೂತಳು. "ಯಾಕೇ ಹೀಗ್ ಮಾಡ್ದೆ?"

"ನೀವು ಓದ್ತೀರಲ್ಲ ಅಂತ. ಅವನೇ ಅಂಗಲಾಚ್ದ. ನಮ್ಮಣ್ಣಂದಾಗಿದ್ರೆ ನಾನೂ ಹಾಗೇ ಕೇಳ್ಕೋತಿದ್ದೆ ಅಕ್ಕ." ತೆಪೊರಾ ಅಳಲು ಶುರು ಮಾಡಿದಳು.

ಫುವಾತಿನೊ ಅವಳನ್ನು ಬೈಯಲಿಲ್ಲ. ಆ ಚೀಟಿಯಲ್ಲಿ ನಿಜವಿದ್ದಿದ್ದರೆ ತಾನು ಅದನ್ನು ಮುಟ್ಟದೆ ದೂರ ನಿಲ್ಲುತ್ತಿದ್ದೆ ಎಂಬುದು ಅವಳಿಗೇ ಗೊತ್ತಿತ್ತು.

ಫ್ರಿಜ್ಜಿನಲ್ಲಿ ಪೋವಾಸನ ತಟ್ಟೆ ಇನ್ನೂ ಇತ್ತು. ಚರ್ಮದ ಕೀವು ಎಂದ ಮೇಲೆ ಮೊದಲ ಅನುಮಾನ ಗೊಂಚಲು ಜಾತಿಯ ಮೇಲೆ. ಆದರೆ ನೊರೆ ಬರಲಿಲ್ಲವಲ್ಲ! ಮತ್ತೆ ಹನಿ ಬಿಟ್ಟಳು. ಇಲ್ಲ. ಅವಳ ಕಣ್ಣು ತೆಪೊರಾಳ ಕಿತ್ತಳೆ ಬಣ್ಣದ ಕೂದಲ ಮೇಲೆ ಹೋಯಿತು.

"ನಿಜ ಹೇಳು. ಕೂದಲು ಕೆಂಚಾಗ್ಲಿ ಅಂತ ನನ್ನ ಪೆರಾಕ್ಸೈಡ್ ಕದ್ದು ಹಚ್ಕೊಂಡು ಬಾಟಲಿಗೆ ನೀರು ತುಂಬ್ಸಿದ್ದೀಯಾ?"

"ಯೇಸುವಿನಾಣೆ ಇಲ್ಲಕ್ಕ! ಇದು ಅಂಗಡೀಲಿ ತಗೊಂಡಿದ್ದು!"

ಒಬ್ಬ ಮೀನುಗಾರನ ಕೈಕುರುವಿನ ತಟ್ಟೆ ಅಲ್ಲೇ ಇತ್ತು. ಅದು ಗೊಂಚಲು ಜಾತಿಯೇ ಎಂದು ಆಗಲೇ ಖಾತ್ರಿಯಾಗಿತ್ತು. ಅದೇ ಬಾಟಲಿಯಿಂದ ಅದರ ಮೇಲೆ ಒಂದು ಹನಿ ಬಿಟ್ಟಳು. ಬುಸ್ಸೆಂದು ನೊರೆ ಉಕ್ಕಿತು. ಪೆರಾಕ್ಸೈಡಿನಲ್ಲಿ ಐಬಿರಲಿಲ್ಲ, ತೆಪೊರಾಳ ಕೂದಲಿನಲ್ಲೂ ಇರಲಿಲ್ಲ. ಪೋವಾಸನ ಕ್ರಿಮಿಗೇ ನೊರೆ ಎಬ್ಬಿಸಲು ಬರುತ್ತಿರಲಿಲ್ಲ.

ಈ ಸಲ ತೆಳ್ಳಗೆ, ಜಾಗ್ರತೆಯಿಂದ ಬಳಿದು ಬಣ್ಣ ಹಾಕಿ ನೋಡಿದಳು. ಸರ ಎಲ್ಲಿಯೂ ಇಲ್ಲ. ಗೊಂಚಲು, ಗೊಂಚಲು, ಎಲ್ಲಿ ನೋಡಿದರೂ ಗೊಂಚಲು. ಗುಂಪು ಕಂಡಾಗಲೇ ನಿಲ್ಲಬೇಕಿತ್ತು ಎಂದು ಹಣೆ ಚಚ್ಚಿಕೊಂಡಳು. ಮೊಲದ ಪ್ಲಾಸ್ಮಾ ಕರಗಿಸಿ ಸಣ್ಣ ಕೊಳವೆಗೆ ಹಾಕಿ, ಕ್ರಿಮಿಯ ಚುಕ್ಕಿ ಬೆರೆಸಿ ಬೆಚ್ಚಗಿಟ್ಟಳು. ಊಟ ಬಿಟ್ಟು ಅದರ ಮುಂದೆ ಕೂತಳು. ಮಧ್ಯಾಹ್ನ ಇಳಿಯುವಷ್ಟರಲ್ಲಿ ಕೊಳವೆ ಓರೆ ಮಾಡಿದರೆ ನೀರು ಅಲುಗಲಿಲ್ಲ. ಗಟ್ಟಿ ಮೊಸರಿನ ಹಾಗೆ ಹೆಪ್ಪುಗಟ್ಟಿತ್ತು. ಕುರು ತರುವ ಅಸಲಿ ಗೊಂಚಲು ಜಾತಿಯೇ. ಹುಟ್ಟುವಾಗಲೇ ಆ ಒಂದು ಕಿಣ್ವ ಇಲ್ಲದೆ ಹುಟ್ಟಿದ ಅಪರೂಪದ ಪೀಡೆ, ಇಡೀ ಪೆಸಿಫಿಕ್ಕಿನಲ್ಲಿ ಬೇರೆ ಯಾರೂ ಸಿಗದೆ ಅವಳ ತಮ್ಮನ ಮೈಗೇ ಬಂದು ಕೂತಿತ್ತು.

"ಥೂ ನಿನ್ನ!" ಎಂದು ಕೊಳವೆಗೆ ಉಗಿದಳು. ಯಾರಿಗೆ ಉಗಿದದ್ದು, ಕ್ರಿಮಿಗೋ ತನಗೋ ಅವಳಿಗೂ ತಿಳಿಯಲಿಲ್ಲ.

ಡಾಕ್ಟರರ ಕೋಣೆಗೆ ಹೋಗಿ, "ಔಷಧಿ ಬದಲಾಯಿಸಿ. ಅದು ಗೊಂಚಲು ಜಾತಿ. ಪೆನಿಸಿಲಿನ್ನು ಅದಕ್ಕೆ ತೆಂಗಿನಹಾಲು ಇದ್ದ ಹಾಗೆ" ಅಂದಳು.

ಡಾಕ್ಟರರು ಕನ್ನಡಕ ಸರಿಮಾಡಿಕೊಂಡರು. "ಆದರೆ ನೊರೆ..."

"ನೊರೆ ಸುಳ್ಳು ಹೇಳ್ತು. ನಾನೂ ಹೇಳ್ದೆ. ಈಗ ಬರೀರಿ."

ಔಷಧಿ ಬದಲಾಯಿತು, ತೆಪೊರಾ ಅದನ್ನು ಹಿಡಿದು ಹಚ್ಚೆಮನೆಗೆ ಓಡಿದಳು. ಮಾರನೇ ದಿನದ ಹೊತ್ತಿಗೆ ಜ್ವರ ಇಳಿಯಲು ಶುರುವಾಯಿತು. ಆದರೆ ಜ್ವರ ಇಳಿದರೆ ಮಾನ ವಾಪಸ್ ಬರುತ್ತದೆಯೇ? ತುಫುಗನ ಗಂಟು ಬಾಗಿಲ ಹತ್ತಿರ ಕೂತಿತ್ತು. ನಿಯಮ ಮುರಿದವನ ಮೈ ಮುಟ್ಟುವುದಿಲ್ಲ, ಗಾಯ ಮಾಗಿದರೂ ಮುಟ್ಟುವುದಿಲ್ಲ ಎಂದು ಅವನು ಹೇಳಿಯಾಗಿತ್ತು. ತಪ್ಪು ಆದದ್ದು ಆ ಮನೆಯಲ್ಲಲ್ಲ, ಲ್ಯಾಬಿನಲ್ಲಿ; ಮಾಡಿದ್ದು ತಮ್ಮನಲ್ಲ, ಅಕ್ಕ ಎಂದು ಊರಿಗೆಲ್ಲ ತಿಳಿಯಬೇಕಿತ್ತು. ಫೋನಿನಲ್ಲಿ ಹೇಳುವ ಮಾತಲ್ಲ ಅದು.

ಫುವಾತಿನೊ ಪೆಟ್ಟಿಗೆಯ ತಳದಿಂದ ಅಜ್ಜಿ ನೇಯ್ದ ನಯವಾದ ಚಾಪೆ ತೆಗೆದಳು. ಅದನ್ನು ತಲೆಯ ಮೇಲೆ ಹೊದ್ದು ಹಚ್ಚೆಮನೆಯ ಎದುರು, ಅಂಗಳದ ನಡುವೆ, ಬಿಸಿಲಿನಲ್ಲಿ ಕೂತಳು.

ಊರೇ ಅಂಗಳದ ಸುತ್ತ ನೆರೆಯಿತು. ತಪ್ಪು ಮಾಡಿದ ಕಡೆಯವರು ಹೀಗೆ ಚಾಪೆ ಹೊದ್ದು ಕೂರುವುದು ಕೊಲೆಯಾದಾಗ, ಯಾರದೋ ಮಗನ ಮೇಲೆ ಲಾರಿ ಹರಿದಾಗ. ನೊಂದವರು ಬಂದು ಚಾಪೆ ಎತ್ತಿದರೆ ಕ್ಷಮಿಸಿದ ಹಾಗೆ. ಎತ್ತದಿದ್ದರೆ ಕೂತಿರಬೇಕು. ಅಕ್ಕ ತಮ್ಮನಿಗಾಗಿ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಕ್ರಿಮಿಯ ಸಲುವಾಗಿ ಕೂತದ್ದನ್ನಂತೂ ಕೇಳಿಯೂ ಇರಲಿಲ್ಲ. ಫಾಯಿವಾ ಕೂಡ ತಿನ್ನುತ್ತಿದ್ದ ಬಾಳೆಹಣ್ಣನ್ನು ಕೈಯಲ್ಲೇ ಹಿಡಿದು ಬಂದ.

ಚಾಪೆಯೊಳಗಿನಿಂದ ಫುವಾತಿನೊ ಕೂಗಿ ಹೇಳಿದಳು. "ಎಲ್ರೂ ಕೇಳಿ. ನನ್ನ ತಮ್ಮ ಯಾವ ನಿಯಮಾನೂ ಮುರ್ದಿಲ್ಲ. ಕ್ರಿಮಿ ಯಾವ್ದು ಅಂತ ನಾನು ತಪ್ಪು ಬರೆದೆ. ನೊರೆ ಬರ್ಲಿಲ್ಲ ಅಂತ ಬೇರೆ ಜಾತಿ ಅಂದೆ. ತಪ್ಪು ಔಷಧಿ ಹೋಯ್ತು, ಗಾಯ ಕೆಡ್ತು. ತಪ್ಪು ನಂದು. ಪೋವಾಸ, ನನ್ನ ಕ್ಷಮಿಸು."

ಒಳಗಿನಿಂದ ಉತ್ತರ ಬರಲಿಲ್ಲ.

ಬಿಸಿಲು ಏರಿತು. ಚಾಪೆಯೊಳಗೆ ಬೆವರು ಧಾರೆಯಾಗಿ ಇಳಿಯಿತು. ಫುವಾತಿನೊ ಕಿವಿ ನಿಮಿರಿಸಿ ಕಾದಳು. ಚಾಪೆ ಎತ್ತಲು ಅವನು ಎದ್ದು ಬರಲಾರ, ಬರುವ ಸ್ಥಿತಿಯಲ್ಲಿಲ್ಲ, ಅದು ಅವಳಿಗೂ ಗೊತ್ತು. ಒಂದು ಮಾತು ಆಡಬಹುದಿತ್ತಲ್ಲ. ಆಗಲಿ ಅಕ್ಕ ಅನ್ನಬಹುದಿತ್ತು. ಅಷ್ಟೂ ಇಲ್ಲ. ಇಷ್ಟೊಂದು ಸಿಟ್ಟೇ ಅವನಿಗೆ? ಹುಟ್ಟಿದಾಗಿನಿಂದ ಒಂದೇ ಒಂದು ಸಲವೂ ಎದುರಾಡದವನು! ಅವಳು ಚಾಪೆಯೊಳಗೆ ಬಿಕ್ಕಿ ಬಿಕ್ಕಿ ಅತ್ತಳು. ಅಂಗಳದಲ್ಲಿ ನಿಂತವರಿಗೂ ಕೇಳಿಸಿತು.

ಒಳಗೆ ಪೋವಾಸ ಬೋರಲು ಮಲಗಿದ್ದಲ್ಲೇ ಹುಚ್ಚು ಹಿಡಿದವನ ಹಾಗೆ ಕೈ ಬೀಸುತ್ತಿದ್ದ. ಹೊರಗೆ ತೋರಿಸುತ್ತಿದ್ದ, ತನ್ನ ಗಂಟಲು ತೋರಿಸುತ್ತಿದ್ದ, ನೆಲ ಗುದ್ದುತ್ತಿದ್ದ. ತುಫುಗ ಅವನನ್ನೇ ನೋಡುತ್ತ, "ಕತ್ತು ಕೊಯ್ತೀನಿ ಅಂತಿದ್ದಾನಾ?" ಎಂದು ಕೇಳಿದ.

ಔಷಧಿ ಕೊಡಲು ಬಂದ ತೆಪೊರಾಗೆ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಅವಳು ಅಂಗಳಕ್ಕೆ ಓಡಿ ಬಂದು ಚಾಪೆಯ ಹತ್ತಿರ ಮಂಡಿಯೂರಿದಳು.

"ಅಕ್ಕ! ಅವನು ಹ್ಯಾಗೆ ಮಾತಾಡ್ತಾನೆ? ನೀವೇ ಅಲ್ವಾ ಬಾಯಿ ಮುಚ್ಕೊಂಡಿರು ಅಂದಿದ್ದು? ನೀವು ಮಾತಾಡು ಅನ್ನೋವರೆಗೂ?"

ಚಾಪೆ ಅಲುಗಾಡುವುದು ನಿಂತಿತು. ಒಳಗಿನಿಂದ ಬಂದ ದನಿ ಇನ್ನೂ ಅಳುತ್ತಲೇ ಇತ್ತು, ಆದರೆ ಸಿಟ್ಟು ಅದರೊಳಗೆ ವಾಪಸ್ ಬಂದಿತ್ತು. "ಮಾತಾಡೋ ಮಾರಾಯ! ಮಾತಾಡು!"

"ಅಕ್ಕ, ಏಳು. ಬಿಸಿಲು" ಅಂದ ಪೋವಾಸ.

ಅಷ್ಟು ದಿನ ಬಾಯಿ ಬಿಡದೆ ದನಿ ಒರಟಾಗಿತ್ತು. ತೆಪೊರಾ ಚಾಪೆಯನ್ನು ಮೆಲ್ಲಗೆ ಎತ್ತಿದಳು. ಫುವಾತಿನೊ ಮನೆಗೆ ಬೆನ್ನು ಹಾಕಿಯೇ ಕೂತಿದ್ದಳು. ಮುಖ ಬೆಂದ ಗೆಣಸಿನಷ್ಟು ಕೆಂಪಾಗಿತ್ತು.

ತುಫುಗ ಪೋವಾಸನ ಮುಂದೆ ಕುಕ್ಕರುಗಾಲಲ್ಲಿ ಕೂತ. "ನಿನ್ನ ಗಂಟಲಿಗೆ ಏನಾಗಿತ್ತೋ?"

"ಏನೂ ಇಲ್ಲ."

"ಮತ್ತೆ ಆ ಉಪ್ಪುನೀರು?"

"ಅಕ್ಕ ಹೇಳಿದ್ಲು."

"ನೋವು ಎಲ್ಲಿ, ಉಪ್ಪುನೀರು ಎಲ್ಲಿ? ನಿನಗೆ ಬುದ್ಧಿ ಇಲ್ವಾ?"

"ಇದೆ. ಆದ್ರೆ ಅಕ್ಕ ಹೇಳಿದ್ಲಲ್ಲ."

"ನಾನು ನಿಯಮ ಮುರಿದ್ಯಾ ಅಂತ ಕೇಳ್ದಾಗ ಇಲ್ಲ ಅಂತ ಒಂದು ಮಾತು ಹೇಳಿದ್ರೆ ನಿನ್ನ ಮಾನ ಉಳೀತಿತ್ತು. ಅದಕ್ಕೂ ಬಾಯಿ ಬಿಡ್ಲಿಲ್ಲ."

"ಮಾತಾಡ್ಬೇಡ ಅಂದಿದ್ಲು" ಅಂದ ಪೋವಾಸ. "ನಂಗೂ ಅಳು ಬಂತು ಅವತ್ತು. ಆದ್ರೆ ಏನ್ ಮಾಡ್ಲಿ?"

ತುಫುಗ ಎದ್ದು ನಿಂತ. ನಂತರ ಅಂಗಳದ ಕಡೆ ತಿರುಗಿ, ಫಾಯಿವಾನನ್ನು ಹುಡುಕಿ, ಅವನ ಮುಖಕ್ಕೇ ಹೇಳಿದ. "ಅಂಡಿಗೆ ಹುಣ್ಣಾದ್ರೆ ಬಾಯಿ ಮುಕ್ಕಳಿಸು ಅಂದ್ರೂ ಮುಕ್ಕಳಿಸ್ತಾನೆ ಈ ಹುಚ್ಚ. ಮಾನ ಹೋಗ್ತಿದ್ರೂ ಅಕ್ಕನ ಮಾತು ಮೀರಲ್ಲ. ಇಂಥವನು ನನ್ನ ನಿಯಮ ಮುರೀತಾನೇನೋ?"

ಆ ಪದ ಕಿವಿಗೆ ಬಿದ್ದದ್ದೇ ತಡ ಫುವಾತಿನೊ ಎದ್ದು, ಹಿಂದಿರುಗಿ ನೋಡದೆ, ಕಿವಿ ಮುಚ್ಚಿಕೊಂಡು ಅಂಗಳ ದಾಟಿ ಓಡಿದಳು. ಚಾಪೆ ಅಲ್ಲೇ ಬಿದ್ದಿತ್ತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಫಾಯಿವಾ ಬಾಳೆಹಣ್ಣು ತಿನ್ನುತ್ತ ಯಾರಿಗೂ ಕಾಣದ ಹಾಗೆ ಜಾರಿಕೊಂಡ. ತುಫುಗ ಮಾತ್ರ ನಗಲಿಲ್ಲ; ಬಾಗಿಲ ಹತ್ತಿರವಿದ್ದ ಗಂಟು ಒಳಗೆ ತಂದು ಬಿಚ್ಚಿದ. ವಿಮಾನದವರಿಗೆ ಫೋನು ಮಾಡಿಸಿ ಹೊರಡುವ ದಿನ ಮುಂದೆ ಹಾಕಿಸಿದ. ಮುಗಿಸಿಯೇ ಹೋಗುತ್ತೇನೆ ಎಂಬ ಮಾತು ಕೇಳಿ ಪೋವಾಸನ ಮುಖ ಬಿಳಿಚಿಕೊಂಡಿತು, ಅದು ಬೇರೆ ವಿಷಯ.

ಗಾಯ ಮಾಗಿತು. ಹಚ್ಚೆ ತೊಡೆಯಿಂದ ಮಂಡಿಗೆ ಇಳಿದು, ಕೊನೆಗೆ ಹೊಕ್ಕುಳಿಗೆ ಬಂದು ಮುಗಿಯಿತು. ಮುಕ್ತಾಯದ ದಿನ ಹಂದಿ ಬೆಂದವು, ಹಾಡಾಯಿತು, ತುಫುಗ ಎಳನೀರು ಚಿಮುಕಿಸಿದ. ಪೋವಾಸ ಎಣ್ಣೆ ಸವರಿದ ಮೈಯಲ್ಲಿ, ಪಂಚೆ ಎತ್ತಿ ಕಟ್ಟಿಕೊಂಡು, ಇಡೀ ಊರಿನ ಎದುರು ನಡೆದು ಬಂದು ನಿಂತ. ಮುದುಕರು ಸಾಲಾಗಿ ಬಂದು ಒಂದೊಂದು ಗೆರೆಯನ್ನೂ ಬೆರಳಿಟ್ಟು ನೋಡಿ ತಲೆದೂಗಿದರು. ಫುವಾತಿನೊ ಹೆಂಗಸರ ನಡುವೆ ಅಲುಗಾಡದೆ ನಿಂತಿದ್ದಳು. ಅವಳ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

"ಎಷ್ಟು ಚೆನ್ನಾಗಿ ಬಂದಿದೆ ಅಲ್ವೇನೇ ಹಚ್ಚೆ?" ಎಂದು ಇಲಿಸಾ ಪಕ್ಕದಿಂದ ತಿವಿದಳು.

"ನಂಗೇನು ಗೊತ್ತೇ" ಅಂದಳು ಫುವಾತಿನೊ. "ನಾನು ಅವನ ಮುಖ ನೋಡ್ತಿದ್ದೆ."